ನಾಳೆ ಬಾ

ನಮ್ಮ ಮನೆಯ ತಲೆಬಾಗಿಲಿನ ಬಲಗಡೆಯ ಕದದ ಮೇಲೆ ಸುಣ್ಣದಿಂದ ಬರೆದ ಎರಡು ಪದಗಳುಂಟು: ‘ನಾಳೆ ಬಾ’. ಬರೆದವಳು ನನ್ನ ತಾಯಿ. 1990ರ ದಶಕದಲ್ಲಿ ನಮ್ಮ ನಾಡಿನಲ್ಲೆಲ್ಲ ಒಂದು ಸುದ್ದಿ ಹಬ್ಬಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ರಾತ್ರಿಯ ಹೊತ್ತು ಪಿಶಾಚಿಯೊಂದು ಬಾಗಿಲಿಗೆ ಬಂದು, ಒಳಗಿನವರಿಗೆ ಪರಿಚಯವಾದ ಧ್ವನಿಯಿಂದಲೇ ಹೆಸರು ಹಿಡಿದು ಕೂಗುವುದಂತೆ. ಓಗೊಟ್ಟು ಬಾಗಿಲು ತೆರೆದವರು ಬದುಕುವುದಿಲ್ಲವಂತೆ. ಆದರೆ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಅದನ್ನು ಓದಿಕೊಂಡು ಹಿಂದಿರುಗುವುದಂತೆ. ಮರುದಿನ ಬಂದರೂ ಅದೇ ಬರಹ, ಅದರ ಮರುದಿನವೂ ಅದೇ ಬರಹ. ಪಿಶಾಚಿಯ ಅಕ್ಷರಜ್ಞಾನವನ್ನೂ ಅದಕ್ಕಿಂತ ಮಿಗಿಲಾದ ಅದರ ತಾಳ್ಮೆಯನ್ನೂ ನೆನೆದು ನಾನು ಎಷ್ಟೋ ಸಲ ನಕ್ಕಿದ್ದೇನೆ. ಸುದ್ದಿ ಅಡಗಿ ಬಹುಕಾಲವಾಯಿತು. ನಮ್ಮ ತಾಯಿ ಮಾತ್ರ ಪ್ರತಿ ದೀಪಾವಳಿಗೆ ಕದವನ್ನು ತೊಳೆದ ಮೇಲೆ ಆ ಎರಡು ಪದಗಳನ್ನು ಮತ್ತೆ ತಿದ್ದುತ್ತಾಳೆ.

ಒಳಗೆ ಕುಳಿತವರು ಬರೆದ ಈ ಮಾತನ್ನು ಹೊರಗೆ ನಿಂತವನು ಓದಿದರೆ ಅವನಿಗೆ ಹೇಗಿರುವುದೆಂದು ನಾನು ಯೋಚಿಸಿದವನಲ್ಲ. ಅದನ್ನು ನನಗೆ ತಿಳಿಸಿದವನು ನನ್ನ ಮಗ. ತಿಳಿಯಲು ಐದು ವರ್ಷ ಹಿಡಿಯಿತು. ನಡುವೆ ಬಂದು ಕುಳಿತದ್ದು ಒಂದು ರಕ್ತಪಿಶಾಚಿಯ ಆಟ!

2019ರ ಮಾರ್ಚ್ ತಿಂಗಳು. ಹಿಂದೆ ಮಾನ್ವಿ ತಾಲೂಕಿನಲ್ಲಿದ್ದು ಈಗ ಸಿರವಾರ ತಾಲೂಕಿಗೆ ಸೇರಿದ ನಮ್ಮ ಕವಿತಾಳದಲ್ಲಿ ಬಿಸಿಲು ಆಗಲೇ ಏರತೊಡಗಿತ್ತು. ಹದಿನಾಲ್ಕು ವರ್ಷದ ಮಗನು ಮೊಬೈಲನ್ನು ಹಿಡಿದುಕೊಂಡು ಓಡಿಬಂದು, “ಅಪ್ಪಾ, ಬ್ಲಡ್‌ಲೈನ್ಸ್ ಎರಡನೆಯದು ಬರುತ್ತದೆ! ಮುಂದಿನ ವರ್ಷ ಮಾರ್ಚಿಗೆ!” ಎಂದನು. ಊರಿಗೆ ರೈಲು ಬರುವುದೆಂದು ಹೇಳಿದ್ದರೂ ಅವನ ಮುಖದಲ್ಲಿ ಅಷ್ಟು ಕಳೆ ಇರುತ್ತಿರಲಿಲ್ಲ. “ಯಾರ ಮನೆಗೆ ಬರುತ್ತದೆ? ಬಿಡಿಸಿ ಹೇಳು” ಎಂದೆನು. ಪಡಸಾಲೆಯಲ್ಲಿ ಮಲಗಿದ್ದ ನಮ್ಮ ತಂದೆಯವರೂ ಎದ್ದು ಕುಳಿತರು.

ಅವನು ಹೇಳಿದುದರ ಸಾರಾಂಶವಿಷ್ಟು. ಯೂರೋಪಿನ ಜನರಲ್ಲಿ ‘ವ್ಯಾಂಪೈರ್’ ಎಂಬ ಒಂದು ಬಗೆಯ ಪಿಶಾಚಿಯ ನಂಬಿಕೆ ಉಂಟು. ಹಗಲು ಹೆಣವಾಗಿ ಮಲಗಿ, ರಾತ್ರಿ ಎದ್ದು ಮನುಷ್ಯರ ರಕ್ತ ಹೀರಿ ಬಾಳುವುದು ಅದರ ಕ್ರಮ. 1897ರಲ್ಲಿ ಬ್ರಾಮ್ ಸ್ಟೋಕರ್ ಎಂಬ ಐರಿಷ್ ಲೇಖಕನು ‘ಡ್ರಾಕುಲಾ’ ಕಾದಂಬರಿಯನ್ನು ಬರೆದ ಮೇಲೆ ಅದು ಲೋಕಪ್ರಸಿದ್ಧವಾಯಿತು. 1991ರಲ್ಲಿ ಅಮೆರಿಕದವರು ಈ ಪಿಶಾಚಿಗಳ ಹೆಸರಿನಲ್ಲಿ ಒಂದು ಆಟವನ್ನು ಕಟ್ಟಿದರು. ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕುಳಿತು, ಒಬ್ಬನು ಕಥೆ ನಡೆಸುತ್ತಿರಲು ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸಿ ಮಾತಾಡುವರು. ಸಂದೇಹ ಬಂದಲ್ಲಿ ದಾಳ ಹಾಕುವರು. 2004ರಲ್ಲಿ ಟ್ರೊಯಿಕಾ ಎಂಬ ಸಣ್ಣ ಸಂಸ್ಥೆಯವರು ಅದನ್ನೇ ಕಂಪ್ಯೂಟರಿನ ಆಟವಾಗಿ ಮಾಡಿದರು. ಅದೇ ‘ಬ್ಲಡ್‌ಲೈನ್ಸ್’. ಅವಸರದಲ್ಲಿ ಹೊರಬಿದ್ದ ಆ ಆಟದಲ್ಲಿ ದೋಷಗಳು ಬಹಳ. ಮರುವರ್ಷವೇ ಸಂಸ್ಥೆ ಮುಚ್ಚಿಹೋಯಿತು. ಆದರೆ ಅದನ್ನು ಮೆಚ್ಚಿದ ಆಟಗಾರರು ತಾವೇ ಅದರ ತಪ್ಪುಗಳನ್ನು ತಿದ್ದುತ್ತ ಬಂದರು. ತಾಯಿ ಸತ್ತ ಕೂಸನ್ನು ಓಣಿಯವರೆಲ್ಲ ಸೇರಿ ಸಾಕಿದ ಹಾಗೆ ಆ ಆಟ ಬದುಕಿತು. ಹದಿನೈದು ವರ್ಷದ ಮೇಲೆ ಈಗ ಅದಕ್ಕೆ ತಮ್ಮ ಹುಟ್ಟುವನೆಂಬುದು ಸುದ್ದಿ.

“ಇದೇನು ಹೊಸದಲ್ಲ” ಎಂದರು ತಂದೆಯವರು. “ಬೇತಾಳ ಗೊತ್ತಿಲ್ಲವೇನೋ ನಿನಗೆ? ಊರೇ ಕವಿತಾಳ!”

ತಂದೆಯವರ ಮಾತು ಬರಿಯ ಪ್ರಾಸವಲ್ಲ. 1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲನು ನಮ್ಮ ವಿಕ್ರಮ ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದನು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ‘ಚಂದಮಾಮ’ದಲ್ಲಿ ಕಾಣದ ಮನೆ ಕನ್ನಡದಲ್ಲಿ ಎಷ್ಟಿದ್ದೀತು? ಆದರೆ ನಮ್ಮ ಬೇತಾಳನು ರಕ್ತವನ್ನು ಬೇಡುವುದಿಲ್ಲ, ಉತ್ತರವನ್ನು ಬೇಡುತ್ತಾನೆ. ಉತ್ತರ ಬಲ್ಲವನು ಮೌನವಾಗಿದ್ದರೆ ತಲೆ ಸಾವಿರ ಹೋಳು. ಮಾತಾಡಿದರೆ ಬೇತಾಳನು ಮತ್ತೆ ಮರಕ್ಕೆ. ರಾಜನು ಮೊದಲಿನಿಂದ ಹೊರಡಬೇಕು. ತಂದೆಯವರು ಇದನ್ನು ವಿವರಿಸಿದಾಗ ಮಗನು, “ತಾತಾ, ನಡುವೆ ಸೇವ್ ಮಾಡಲು ಬರುವುದಿಲ್ಲವೇ?” ಎಂದು ಕೇಳಿದನು. ಮುದುಕರಿಗೆ ಪ್ರಶ್ನೆಯ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಹಳ ಹೊತ್ತು ನಕ್ಕರು.

ನಗದವಳು ನಮ್ಮ ತಾಯಿಯೊಬ್ಬಳೇ. “ಪಿಶಾಚಿ ಒಳಗೆ ಬಾರದಿರಲಿ ಎಂದು ನಾನು ಬಾಗಿಲಿಗೆ ಬರೆದರೆ, ಮೊಮ್ಮಗ ತಾನೇ ಪಿಶಾಚಿಯಾಗುವ ಆಟ ಆಡುತ್ತಾನಂತೆ” ಎಂದಳು.

ತಂದೆಯವರು ಮೊಮ್ಮಗನ ಪಕ್ಷ ವಹಿಸಿದುದಕ್ಕೆ ಕಾರಣವಿದೆ. ಪ್ರಾಯದಲ್ಲಿ ಅವರು ದೊಡ್ಡಾಟದಲ್ಲಿ ಸೋಗು ಹಾಕಿದವರು. ದೇವೀ ಮಹಾತ್ಮೆಯ ಪ್ರಸಂಗದಲ್ಲಿ ಅವರದು ರಕ್ತಬೀಜಾಸುರ. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲಿ ಒಬ್ಬೊಬ್ಬ ರಾಕ್ಷಸ ಏಳುವನು. ಕಡೆಗೆ ಕಾಳಿಯು ಆ ರಕ್ತ ನೆಲ ಮುಟ್ಟದಂತೆ ಕುಡಿದುಬಿಡುವಳು. “ನೋಡು, ನಮ್ಮ ಆಟದಲ್ಲಿ ರಕ್ತ ಕುಡಿದವಳು ದೇವಿ, ರಾಕ್ಷಸನಲ್ಲ” ಎಂಬುದು ಅವರ ವಾದ. ತಿಂಗಳುಗಟ್ಟಲೆ ತಾಲೀಮು, ಎದೆಗೆ ಕಟ್ಟಿದ ಹಾರ, ಹೆಗಲಿಗೆ ಭುಜಕೀರ್ತಿ, ಪಂಜಿಗೆ ರಾಳ ಎರಚಿದೊಡನೆ ಭುಗಿಲೆಂದೇಳುವ ಬೆಂಕಿ, ಅದರ ನಡುವೆ ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕುತ್ತ ಬರುವ ಅಸುರ, ಎದುರು ಬಂದು ‘ತಾವು ಯಾರು’ ಎಂದು ವಿಚಾರಿಸುವ ಸಾರಥಿ: ಇದನ್ನೆಲ್ಲ ಅವರು ಹೇಳುವಾಗ ಮಗನು ಮೊಬೈಲನ್ನು ಮರೆತು ಕೇಳುತ್ತಿದ್ದನು. “ಬೆಳಗಾದ ಮೇಲೆ ಬಣ್ಣ ತೊಳೆದು ಹೊಲಕ್ಕೆ ಹೋದೆವಪ್ಪ. ಯಾವನೂ ರಾಕ್ಷಸನಾಗಿ ಉಳಿಯಲಿಲ್ಲ” ಎಂದರು.

“ಅದು ನನಗೂ ಗೊತ್ತು” ಎಂದಳು ತಾಯಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. “ಸೋಗು ಹಾಕಿದವನು ರಾಕ್ಷಸನಾಗುವುದಿಲ್ಲ, ಸೋಗೇ ರಾಕ್ಷಸ. ಅದು ಮನೆಯ ರಕ್ತ ಕುಡಿಯುತ್ತದೆ. ಪಾತ್ರದ ಪಟ್ಟಿ, ಮಾಸ್ತರನ ಸಂಬಳ, ಭುಜಕೀರ್ತಿಯ ಬಾಡಿಗೆ ಎಂದು ಆ ವರ್ಷ ಇವರು ಒಂದು ಎತ್ತು ಮಾರಿದರು. ಒಂಟಿ ಎತ್ತಿನಲ್ಲಿ ಬಿತ್ತನೆ ಆಗುತ್ತದೆಯೇ? ಎರಡು ವರ್ಷ ಬೇರೆಯವರ ಎತ್ತಿಗೆ ಕಾದೆವು. ಕೇಳಿದಾಗಲೆಲ್ಲ ಇವರದು ಒಂದೇ ಮಾತು: ಮುಂದಿನ ಸುಗ್ಗಿಗೆ ತರೋಣ.”

ನಾನು ಆ ಸಂಗತಿಯನ್ನು ಮೊದಲ ಸಲ ಕೇಳಿದೆನು. ತಂದೆಯವರು ಗೋಡೆಯತ್ತ ನೋಡುತ್ತಿದ್ದರು.

ಮಗನು ಮೆಲ್ಲನೆ ಹೇಳಿದನು: “ಅಜ್ಜಿ, ಈ ಆಟದಲ್ಲಿ ಮಿತಿ ಇದೆ. ಒಬ್ಬರ ರಕ್ತವನ್ನು ಅವರು ಸಾಯುವ ತನಕ ಕುಡಿದರೆ ನಮ್ಮ ಮನುಷ್ಯತ್ವದ ಅಂಕ ಇಳಿಯುತ್ತದೆ. ಇಳಿದಂತೆಲ್ಲ ನಮ್ಮೊಳಗಿನ ಮೃಗ ನಮ್ಮ ಮಾತು ಕೇಳುವುದಿಲ್ಲ. ಜನರ ಎದುರಿಗೆ ನಮ್ಮ ನಿಜರೂಪ ತೋರಿಸಿದರೂ ತಪ್ಪು. ಹಾಗೆ ಐದು ತಪ್ಪಾದರೆ ಆಟವೇ ಮುಗಿಯುತ್ತದೆ.”

ತಾಯಿ ಸ್ವಲ್ಪ ಯೋಚಿಸಿ, “ಆ ಲೆಕ್ಕ ನಿನ್ನ ತಾತನ ಆಟದಲ್ಲಿ ಇದ್ದಿದ್ದರೆ ಎತ್ತು ಉಳಿಯುತ್ತಿತ್ತು” ಎಂದು ಮತ್ತೆ ರೊಟ್ಟಿಗೆ ಕೈ ಹಚ್ಚಿದಳು.

ಈ ವಾದವಿವಾದದಲ್ಲಿ ನಾನೇನು ಹೇಳಿದೆನೆಂದು ವಾಚಕರು ಕೇಳಬಹುದು. ನಾನು ಹೇಳಿದುದು ‘ನಾಳೆ’ ಎಂದು. ಆಟವು ದೊಡ್ಡವರಿಗಾಗಿ ಮಾಡಿದ್ದು, ವಯಸ್ಸು ತುಂಬಲಿ, ಎಂದೆನು. ಅದು ನ್ಯಾಯವಾದ ಮಾತೇ ಆಗಿತ್ತು, ಮಗನೂ ಒಪ್ಪಿದನು. ಆಟವನ್ನು ನಡೆಸಬಲ್ಲ ಹೊಸ ಕಂಪ್ಯೂಟರು ಬೇಕೆಂದಾಗ ಮಾತ್ರ ನನ್ನ ‘ನಾಳೆ’ಗೆ ನ್ಯಾಯದ ಬಲವಿರಲಿಲ್ಲ. ಹತ್ತನೆಯ ತರಗತಿ ಮುಗಿಯಲಿ ಎಂದೆನು. ಹತ್ತಿ ಮಾರಲಿ ಎಂದೆನು. ಭತ್ತದ ಧಾರಣೆ ಏರಲಿ ಎಂದೆನು. ಇಲ್ಲವೆನ್ನುವ ಧೈರ್ಯ ನನಗಿರಲಿಲ್ಲ. ಕೊಡುವ ಮನಸ್ಸೂ ಇರಲಿಲ್ಲ.

ಆಶ್ಚರ್ಯವೆಂದರೆ, ಆ ಆಟದ ಯಜಮಾನರೂ ನನ್ನ ಹಾಗೆಯೇ ನಡೆದರು. 2020ರ ಮಾರ್ಚ್ ಎಂದವರು ಆ ವರ್ಷದ ಕೊನೆಗೆ ಎಂದರು. ಬಳಿಕ 2021 ಎಂದರು. ನಡುವೆ, 2020ರ ಆಗಸ್ಟಿನಲ್ಲಿ, ಮೊದಲಿನ ಆಟದ ಕಥೆಯನ್ನೂ ಬರೆದಿದ್ದ ಮುಖ್ಯ ಲೇಖಕನನ್ನೇ ಕೆಲಸದಿಂದ ತೆಗೆದರು. 2021ರ ಫೆಬ್ರವರಿಯಲ್ಲಿ ಆಟವನ್ನು ಕಟ್ಟುತ್ತಿದ್ದ ಸಿಯಾಟಲ್ ನಗರದ ಸಂಸ್ಥೆಯಿಂದಲೇ ಕೆಲಸವನ್ನು ಕಿತ್ತುಕೊಂಡರು. ಯಾವಾಗ ಬರುವುದೆಂಬ ಮಾತನ್ನೇ ಬಿಟ್ಟರು. ಎರಡೂವರೆ ವರ್ಷ ಮೌನ. 2023ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನ ‘ದಿ ಚೈನೀಸ್ ರೂಮ್’ ಎಂಬ ಸಂಸ್ಥೆ ಅದನ್ನು ಹೊಸದಾಗಿ ಕಟ್ಟುತ್ತಿದೆಯೆಂದು ತಿಳಿಯಿತು. 2024ಕ್ಕೆ ಎಂದರು, 2025ರ ಮೊದಲರ್ಧಕ್ಕೆ ಎಂದರು, ಕಡೆಗೆ 2025ರ ಅಕ್ಟೋಬರಿಗೆ ಬಂದು ನಿಂತರು. ಒಂದೊಂದು ಸಲವೂ ಮಗನು ಪಂಚಾಂಗದಲ್ಲಿ ಗುರುತು ಮಾಡಿದ ದಿನವನ್ನು ಹೊಡೆದುಹಾಕಿ ಇನ್ನೊಂದಕ್ಕೆ ಗುರುತು ಮಾಡುತ್ತಿದ್ದನು. ಅಷ್ಟರಲ್ಲಿ ಅವನಿಗೆ ಮೀಸೆ ಬಂದಿತು, ಧ್ವನಿ ಒಡೆಯಿತು, ರಾಯಚೂರಿನಲ್ಲಿ ಪದವಿ ತರಗತಿಗೆ ಸೇರಿದನು. ವಯಸ್ಸು ತುಂಬಿದ ಮೇಲೆ ನನ್ನ ಹಳೆಯ ಕಂಪ್ಯೂಟರಿನಲ್ಲಿ 2004ರ ಆಟವನ್ನು ಆಡಿ ಮುಗಿಸಿದನು.

ಹೊಸ ಆಟದ ವಿಷಯದಲ್ಲಿ ಅವನ ಗೆಳೆಯರಲ್ಲಿಯೂ ಲೋಕದ ಆಟಗಾರರಲ್ಲಿಯೂ ದೊಡ್ಡ ಜಿಜ್ಞಾಸೆ ಎದ್ದಿತ್ತು. ಮೊದಲಿನ ಆಟದಲ್ಲಿ ನಾಯಕನು ಹೆಸರಿಲ್ಲದವನು, ಆಗತಾನೆ ವ್ಯಾಂಪೈರ್ ಆದವನು. ಅವನು ಎಂಥವನೆಂಬುದನ್ನು ಆಡುವವನೇ ಕಟ್ಟಬೇಕು. ಹೊಸದರಲ್ಲಿ ನಾಯಕನಿಗೆ ‘ಫೈರ್’ ಎಂಬ ಹೆಸರನ್ನು ಮೊದಲೇ ಇಟ್ಟಿದ್ದಾರೆ. ನಾನೂರು ವರ್ಷ ಬಾಳಿದ ಜೀವ. ನೂರು ವರ್ಷ ನಿದ್ರಿಸಿ ಹಿಮ ಬೀಳುವ ಸಿಯಾಟಲ್‌ನಲ್ಲಿ ಕಣ್ಣು ತೆರೆಯುತ್ತದೆ. ಗಂಡೋ ಹೆಣ್ಣೋ ಯಾವ ಕುಲವೋ ಎಂಬುದಷ್ಟೇ ನಮ್ಮ ಇಷ್ಟ. ಹೆಸರೂ ಹಿನ್ನೆಲೆಯೂ ನಿಶ್ಚಯವಾದ ಮೇಲೆ ಇದು ಪಾತ್ರ ವಹಿಸುವ ಆಟ ಹೇಗಾದೀತು ಎಂಬುದು ಮಗನ ಆಕ್ಷೇಪಣೆ.

“ನನ್ನ ರಕ್ತಬೀಜ ಒಂದು ರಾತ್ರಿಯೂ ಗೆದ್ದವನಲ್ಲ” ಎಂದರು ತಂದೆಯವರು. “ಸಾಯುವನೆಂದು ನೋಡುವ ಹುಡುಗರಿಗೂ ಗೊತ್ತು. ಆದರೂ ಜನ ಬೆಳತನಕ ಕುಳಿತರು. ಮಾತು ಬರೆದವನದು, ಹೆಜ್ಜೆ ನನ್ನದು.”

“ತಾತಾ, ನಿನ್ನ ಹೆಜ್ಜೆಯನ್ನು ಊರೆಲ್ಲ ನೋಡಿತು. ನನ್ನ ಆಟವನ್ನು ನೋಡುವವರು ಯಾರೂ ಇಲ್ಲ. ಅಲ್ಲಿ ನಾನೇ ಆರಿಸಿಕೊಳ್ಳಲು ಏನೂ ಇಲ್ಲದಿದ್ದರೆ ನಾನು ಅಲ್ಲಿದ್ದೇನೆಂದು ಯಾರಿಗೆ ಗೊತ್ತು?”

ತಂದೆಯವರು ಬಹಳ ಹೊತ್ತು ಸುಮ್ಮನಿದ್ದು, “ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಬೇತಾಳ ಮರಕ್ಕೆ ಹೋಗಲಿ” ಎಂದರು.

2024ರ ಮಳೆಗಾಲದಲ್ಲಿ ತಂದೆಯವರು ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಎಲುಬು ಮುರಿಯಿತು. ರಾಯಚೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ರಕ್ತವನ್ನು ಸಿದ್ಧವಾಗಿಡಬೇಕೆಂದರು. ನಾನು ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವನು, ನನ್ನದನ್ನು ಒಪ್ಪಲಿಲ್ಲ. ಮಗನಿಗೆ ಹತ್ತೊಂಬತ್ತು ವರ್ಷ. ಅವನು ಯಾರೂ ಹೇಳುವ ಮೊದಲೇ ತೋಳು ಮಡಿಸಿಕೊಂಡು ಒಳಗೆ ಹೋಗಿದ್ದನು. 350 ಮಿಲಿಲೀಟರ್ ರಕ್ತ. ಹತ್ತು ನಿಮಿಷದ ಕೆಲಸ. ಹೊರಗೆ ಬೆಂಚಿನ ಮೇಲೆ ನನ್ನ ತಾಯಿ ಕುಳಿತಿದ್ದಳು. ತೋಳಿಗೆ ಹತ್ತಿ ಒತ್ತಿಕೊಂಡು ಬಂದ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆರಗಿನ ಗಂಟಿನಿಂದ ಹಣ ತೆಗೆದು, “ಹಣ್ಣಿನ ರಸ ಕುಡಿದು ಬಾ” ಎಂದಳು. ಎರಡು ದಿನದ ಮೇಲೆ ವಿಷಯ ತಿಳಿದ ತಂದೆಯವರು ಮಲಗಿದಲ್ಲಿಂದಲೇ, “ರಕ್ತಬೀಜನಿಗೇ ರಕ್ತ ಕೊಟ್ಟೆಯೇನೋ! ಇನ್ನು ಹನಿಗೊಬ್ಬ ಏಳುತ್ತಾನೆ ನೋಡು” ಎಂದು ನಕ್ಕರು.

ಅಂದು ರಾತ್ರಿ ನಾನೂ ಮಗನೂ ಬಸ್ಸಿನಲ್ಲಿ ಊರಿಗೆ ಹಿಂದಿರುಗುತ್ತಿದ್ದೆವು. ಮನಸ್ಸು ಮೆದುವಾಗಿದ್ದುದರಿಂದ ನಾನು, “ನಿನಗೆ ಆ ಕಂಪ್ಯೂಟರನ್ನು ಇನ್ನೂ ಕೊಡಿಸಲಾಗಲಿಲ್ಲ. ಬರುವ ವರ್ಷ ನೋಡೋಣ” ಎಂದೆನು. ಅವನು ಕಿಟಕಿಯಿಂದ ಹೊರಗೆ ನೋಡುತ್ತಲೇ ಹೇಳಿದನು: “ಅಪ್ಪಾ, ನೀನು ಒಂದು ಸಲ ಇಲ್ಲ ಎಂದಿದ್ದರೆ ನಾನು ಆಗಲೇ ಬಿಟ್ಟುಬಿಡುತ್ತಿದ್ದೆ. ಎಲ್ಲಾದರೂ ದುಡಿದು ಕೂಡಿಸುತ್ತಿದ್ದೆ, ಇಲ್ಲವೇ ಮರೆಯುತ್ತಿದ್ದೆ. ನೀನು ನಾಳೆ ಎಂದೆ. ಅದಕ್ಕೇ ಕಾದೆ. ಕಂಪನಿಯವರು ಯಾರೋ, ಅವರು ತಡ ಮಾಡಿದರೆ ನನಗೆ ಕೋಪ ಬರುತ್ತಿತ್ತು, ಹೋಗುತ್ತಿತ್ತು. ನಿನ್ನ ಮೇಲೆ ಕೋಪ ಮಾಡಿಕೊಳ್ಳಲೂ ಬರುತ್ತಿರಲಿಲ್ಲ.”

ಅವನ ಧ್ವನಿಯಲ್ಲಿ ಆರೋಪವಿರಲಿಲ್ಲ. ನನಗೆ ಮಾತು ಹೊರಡಲಿಲ್ಲ. ಬಾಗಿಲ ಮೇಲಿನ ಬರಹ ಕಣ್ಣ ಮುಂದೆ ನಿಂತಿತು. ಒಳಗೆ ಬಿಡಬಾರದ ಪಿಶಾಚಿಗೆ ಹೇಳತಕ್ಕ ಮಾತನ್ನು, ಹೆಸರು ಹಿಡಿದು ಕೂಗಿದ ಮನೆಯ ಮಗುವಿಗೆ ನಾನು ಐದು ವರ್ಷ ಹೇಳಿದ್ದೆನು. ಪಿಶಾಚಿಯನ್ನು ಕಾಯಿಸಿದರೆ ನಷ್ಟವೇನು? ಮಗುವನ್ನು ಕಾಯಿಸಿದರೆ ಅದು ನಂಬಿ ಕಾಯುತ್ತದೆ. ನನ್ನ ತಾಯಿ ಆ ಎತ್ತಿಗಾಗಿ ಕಾದ ಎರಡು ವರ್ಷಗಳು ಎಂಥವಿದ್ದಿರಬೇಕೆಂದು ನನಗೆ ಅಂದು ಹೊಳೆಯಿತು.

ಮರುದಿನ ಮಗನನ್ನು ಕೂರಿಸಿಕೊಂಡು ಲೆಕ್ಕ ಮುಂದಿಟ್ಟೆನು. ಆಸ್ಪತ್ರೆಗೆ ಆದುದಿಷ್ಟು, ಬೆಳೆಸಾಲವಿಷ್ಟು, ಹತ್ತಿಯಿಂದ ಬರಬಹುದಾದುದಿಷ್ಟು. “ಯುಗಾದಿಯ ಹೊತ್ತಿಗೆ ಅರ್ಧ ಹಣ ಕೊಡಬಲ್ಲೆ, ಹೊಸದಕ್ಕೆ ಆಗದು, ಒಬ್ಬರು ಬಳಸಿದ್ದನ್ನು ಕೊಳ್ಳಬೇಕು. ಮಿಕ್ಕ ಅರ್ಧ ನನ್ನಿಂದಾಗುವುದಿಲ್ಲ” ಎಂದೆನು. ಅವನು ಮುಖ ಸಪ್ಪಗೆ ಮಾಡುವನೆಂದು ತಿಳಿದಿದ್ದೆನು, ಹಗುರಾದನು. ರಜೆಯಲ್ಲಿ ರಾಯಚೂರಿನ ಒಂದು ಅಂಗಡಿಯಲ್ಲಿ ದುಡಿದು ತನ್ನ ಪಾಲನ್ನು ತಂದನು. ಯುಗಾದಿಯ ಮಾತು ನಡೆಯಿತು.

ಇನ್ನೊಂದು ವಿನೋದವನ್ನು ಹೇಳಬೇಕು. 2025ರ ಆಗಸ್ಟಿನಲ್ಲಿ ಆಟದ ಯಜಮಾನರು, ವ್ಯಾಂಪೈರುಗಳ ಆರು ಕುಲಗಳಲ್ಲಿ ನಾಲ್ಕು ಮಾತ್ರ ಎಲ್ಲರಿಗೂ, ಉಳಿದೆರಡು ಹೆಚ್ಚಿನ ಹಣ ತೆತ್ತವರಿಗೆ ಎಂದು ಸಾರಿದರು. ಆಟಗಾರರು ಕೆರಳಿದರು. ನಮ್ಮ ತಾಯಿಗೆ ಮಾತ್ರ ಇದು ಚೆನ್ನಾಗಿ ಅರ್ಥವಾಯಿತು. “ದೊಡ್ಡಾಟದಲ್ಲಿಯೂ ಹಾಗೆಯೇ. ದೂತನ ಸೋಗಿಗೆ ಕಡಿಮೆ ಪಟ್ಟಿ, ರಕ್ತಬೀಜನಿಗೆ ಎತ್ತು” ಎಂದಳು. ಸೆಪ್ಟೆಂಬರಿನಲ್ಲಿ ಯಜಮಾನರು ಮಣಿದು ಆ ಎರಡು ಕುಲಗಳನ್ನೂ ಮೂಲ ಆಟದಲ್ಲಿಯೇ ಸೇರಿಸಿದರು. “ಅಷ್ಟು ಬೇಗ ಬುದ್ಧಿ ಬಂತೇ?” ಎಂದು ತಂದೆಯವರತ್ತ ಒಮ್ಮೆ ನೋಡಿದಳು.

ಆಟ ಬಂದದ್ದು 2025ರ ಅಕ್ಟೋಬರ್ 21ರಂದು, ದೀಪಾವಳಿಯ ಅಮಾವಾಸ್ಯೆ! “ಒಳ್ಳೆಯ ದಿನ ನೋಡಿಕೊಂಡೇ ಬಂದಿದೆ ನಿನ್ನ ಪಿಶಾಚಿ” ಎಂದು ತಾಯಿ ಗೊಣಗಿದಳು. ರಾತ್ರಿಯೆಲ್ಲ ಇಂಟರ್ನೆಟ್ಟಿನಿಂದ ಆಟವನ್ನು ಇಳಿಸಿಕೊಳ್ಳುವುದರಲ್ಲಿ ಹೋಯಿತು. ಮರುದಿನ ಪಾಡ್ಯದ ಊಟವಾದ ಮೇಲೆ ತಂದೆಯವರು ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕುಳಿತರು. ಪರದೆಯ ಮೇಲೆ ಹಿಮ ಸುರಿಯುತ್ತಿತ್ತು. ಯಾರೋ ಕಣ್ಣು ತೆರೆದರು. ತಂದೆಯವರು ಬೆನ್ನು ನೆಟ್ಟಗೆ ಮಾಡಿ, ಸಾರಥಿಯ ಠೀವಿಯಿಂದ, “ತಾವು ಯಾರು? ತಮ್ಮ ಸ್ಥಳನಾಮಾಂಕಿತವೇನು?” ಎಂದು ಗಟ್ಟಿಯಾಗಿ ಕೇಳಿದರು. ಅಡುಗೆಮನೆಯಲ್ಲಿದ್ದ ತಾಯಿಯೂ ನಕ್ಕದ್ದು ಕೇಳಿಸಿತು. ತಾತನು ಪಕ್ಕದಲ್ಲಿರುವಷ್ಟು ಹೊತ್ತು ಮಗನ ಆಟಕ್ಕೆ ನೋಡುವವರಿಲ್ಲದ ಕೊರತೆ ಇರಲಿಲ್ಲ.

ವಾರದ ಮೇಲೆ, “ಹೇಗಿದೆಯಪ್ಪ?” ಎಂದು ಕೇಳಿದೆನು. “ಚೆನ್ನಾಗಿದೆ. ಆದರೆ ಆರು ವರ್ಷ ಕಾದಷ್ಟು ಚೆನ್ನಾಗಿಲ್ಲ” ಎಂದನು. ಲೋಕದ ಅಭಿಪ್ರಾಯವೂ ಹೀಗೆಯೇ ಎರಡಾಗಿ ಒಡೆದಿತ್ತು. “ಯಾವ ಆಟವೂ ತಾಲೀಮಿನಷ್ಟು ಚೆನ್ನಾಗಿರುವುದಿಲ್ಲ” ಎಂಬುದು ತಂದೆಯವರ ತೀರ್ಪು.

ಕದವನ್ನು ತೊಳೆದು ತಾಯಿ ಈ ವರ್ಷವೂ ‘ನಾಳೆ ಬಾ’ ಎಂದು ತಿದ್ದಿದ್ದಾಳೆ. ಇರಲಿ, ಹೊರಗಿನ ಬಾಗಿಲಿಗೆ ಅದು ಸಲ್ಲುತ್ತದೆ. ಮೊನ್ನೆ ಚಿಕ್ಕ ಮಗಳು ಹೊಸ ಸೈಕಲ್ಲು ಬೇಕೆಂದು ಬಂದು ನಿಂತಳು. ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಈ ವರ್ಷ ಆಗುವುದಿಲ್ಲ ತಾಯಿ. ಅಣ್ಣನ ಹಳೆಯ ಸೈಕಲ್ಲಿಗೆ ಹೊಸ ಚಕ್ರ ಹಾಕಿಸಿಕೊಡುತ್ತೇನೆ, ಭಾನುವಾರ” ಎಂದೆನು. ಅತ್ತಳು, ಉಂಡಳು, ಮಲಗಿದಳು. ಭಾನುವಾರ ಬೆಳಗ್ಗೆ ನಾನು ಏಳುವ ಮೊದಲೇ ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದಳು.